ಕಿಡ್ನಿ ಕಲ್ಲು: ನೋವು ನಿಂತಿತು ಅಂದ್ರೆ ಕಲ್ಲು ಹೋಯ್ತು ಅಂತಲ್ಲ

4 ಮಿಲಿಮೀಟರಿನ ಒಂದು ಕಲ್ಲು ಗಟ್ಟಿಮುಟ್ಟಾದ ಮನುಷ್ಯನನ್ನು ನೆಲಕ್ಕೆ ಕೆಡವಿ ಹೊರಳಾಡಿಸುತ್ತದೆ. ಇನ್ನೊಬ್ಬರ ಕಿಡ್ನಿಯಲ್ಲಿ 3 ಸೆಂಟಿಮೀಟರಿನ ಕಲ್ಲು ವರ್ಷಗಟ್ಟಲೆ ಕೂತಿರುತ್ತದೆ, ಅವರಿಗೆ ಅದರ ಸುಳಿವೇ ಇರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಅದು ಕಣ್ಣಿಗೆ ಬೀಳುತ್ತದೆ. ಜನ ಎಡವುವುದು ಇಲ್ಲೇ. ನೋವು ಜಾಸ್ತಿ ಇದ್ದರೆ ಅಪಾಯವೂ ಜಾಸ್ತಿ, ನೋವು ಇಲ್ಲದಿದ್ದರೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಆದರೆ ನೋವಿನ ಲೆಕ್ಕ ಬೇರೆ, ಅಪಾಯದ ಲೆಕ್ಕ ಬೇರೆ. ಕಲ್ಲು ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಎಲ್ಲಿ ಕೂತಿದೆ, ಯಾವುದರಿಂದ ಆಗಿದೆ, ಮೂತ್ರದ ದಾರಿಯನ್ನು ಎಷ್ಟು ತಡೆದಿದೆ ಅನ್ನುವುದನ್ನೂ ನೋಡಬೇಕು. ಡಾಕ್ಟರು ಮಾಡಿಸುವ ಪ್ರತಿಯೊಂದು ಪರೀಕ್ಷೆಯೂ ಈ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಹುಡುಕುತ್ತಿರುತ್ತದೆ.

ಕಲ್ಲು ಹುಟ್ಟುವುದು ಹೇಗೆ?

ಊಟದಲ್ಲಿ ಸಿಕ್ಕ ಮರಳು, ನುಂಗಿದ ಹಣ್ಣಿನ ಬೀಜ ಕಿಡ್ನಿಗೆ ಹೋಗಿ ಕಲ್ಲಾಗುತ್ತದೆ ಅಂತ ಹೇಳುವವರು ಈಗಲೂ ಇದ್ದಾರೆ. ಅದು ಸಾಧ್ಯವೇ ಇಲ್ಲ. ನುಂಗಿದ್ದು ಹೊಟ್ಟೆ, ಕರುಳು ದಾಟಿ ಮಲದ ಜೊತೆ ಹೊರಗೆ ಹೋಗುತ್ತದೆ. ಅಲ್ಲಿಂದ ಕಿಡ್ನಿಗೆ ನೇರ ದಾರಿ ಇಲ್ಲ. ಕಿಡ್ನಿಗೆ ಬರುವುದು ರಕ್ತ ಮಾತ್ರ. ಕಲ್ಲು ಹುಟ್ಟುವುದು, ಬೆಳೆಯುವುದು ಎರಡೂ ಅಲ್ಲೇ, ಮೂತ್ರದೊಳಗೇ.

ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಮತ್ತೆ ರಕ್ತಕ್ಕೇ ಸೇರಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ದೇಹಕ್ಕೆ ಬೇಡವಾದ ಕ್ಯಾಲ್ಸಿಯಂ, ಆಕ್ಸಲೇಟ್, ಫಾಸ್ಫೇಟ್, ಯೂರಿಕ್ ಆಸಿಡ್ ಎಲ್ಲವೂ ಇಷ್ಟೇ ನೀರಿನಲ್ಲಿ ಕರಗಿ ಹೋಗಬೇಕು. ಒಂದು ಲೋಟ ನೀರಿಗೆ ಸಕ್ಕರೆ ಹಾಕುತ್ತಾ ಹೋದರೆ ಒಂದು ಹಂತದ ಮೇಲೆ ಎಷ್ಟು ಕದಡಿದರೂ ಕರಗದೆ ತಳದಲ್ಲಿ ನಿಲ್ಲುತ್ತದೆ ಅಲ್ವಾ? ಮೂತ್ರದಲ್ಲೂ ಅದೇ ಆಗುತ್ತದೆ. ನೀರು ಕಡಿಮೆಯಾದರೂ ಸರಿ, ಲವಣ ಜಾಸ್ತಿಯಾದರೂ ಸರಿ, ಕರಗದೆ ಉಳಿದದ್ದು ಹರಳಾಗುತ್ತದೆ. ಹರಳಿಗೆ ಹರಳು ಸೇರಿ ಕಲ್ಲಾಗುತ್ತದೆ.

ಆದರೆ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಕಲ್ಲೇ ಇಲ್ಲದ ಎಷ್ಟೋ ಜನರ ಮೂತ್ರದಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಕರಗುವ ಮಿತಿಗಿಂತ ಜಾಸ್ತಿಯೇ ಇರುತ್ತದೆ. ಹಾಗಿದ್ದೂ ಅವರಿಗೆ ಕಲ್ಲಾಗುವುದಿಲ್ಲ. ಯಾಕೆಂದರೆ ಹರಳು ಕಟ್ಟುವುದನ್ನು ತಡೆಯುವ ಪದಾರ್ಥಗಳೂ ಮೂತ್ರದಲ್ಲೇ ಇವೆ. ಅವುಗಳಲ್ಲಿ ಮುಖ್ಯವಾದದ್ದು ಸಿಟ್ರೇಟ್. ಅದು ಕ್ಯಾಲ್ಸಿಯಂ ಅನ್ನು ತನ್ನ ಕಡೆ ಹಿಡಿದಿಟ್ಟುಕೊಂಡು ಆಕ್ಸಲೇಟಿಗೆ ಸಿಗದ ಹಾಗೆ ಮಾಡುತ್ತದೆ. ಮೆಗ್ನೀಸಿಯಂ ಮತ್ತು ಕಿಡ್ನಿಯೇ ತಯಾರಿಸುವ ಕೆಲವು ಪ್ರೋಟೀನುಗಳೂ ಇದೇ ಕೆಲಸಕ್ಕೆ ಕೈಜೋಡಿಸುತ್ತವೆ. ಸಿಟ್ರೇಟ್ ಕಡಿಮೆ ಇರುವವರಿಗೆ ಉಳಿದದ್ದೆಲ್ಲ ಸರಿಯಿದ್ದರೂ ಕಲ್ಲಾಗಬಹುದು. ಒಂದೇ ಮನೆಯಲ್ಲಿ ಒಂದೇ ಊಟ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಲ್ಲಾಗುವುದಕ್ಕೆ ಇದೂ ಒಂದು ಕಾರಣ.

ಹರಳು ಬೆಳೆಯಲು ಒಂದು ನೆಲೆಯೂ ಬೇಕು. ಮೂತ್ರ ಸದಾ ಹರಿಯುತ್ತಿರುತ್ತದೆ, ತೇಲುವ ಸಣ್ಣ ಹರಳುಗಳು ಅದರ ಜೊತೆ ಹೊರಟುಹೋಗುತ್ತವೆ. ಎಲ್ಲಾದರೂ ಅಂಟಿಕೊಂಡರೆ ಮಾತ್ರ ಬೆಳೆಯಲು ಸಮಯ ಸಿಗುತ್ತದೆ. ಅಮೆರಿಕದ ಅಲೆಕ್ಸಾಂಡರ್ ರ‍್ಯಾಂಡಲ್ ಎಂಬ ಡಾಕ್ಟರು 1937ರಲ್ಲಿ ಇಂಥ ನೆಲೆಯೊಂದನ್ನು ವಿವರಿಸಿದರು. ಕಿಡ್ನಿಯೊಳಗೆ ಮೂತ್ರ ಹೊರಬೀಳುವ ತುದಿಗಳಲ್ಲಿ, ಒಳಪದರದ ಅಡಿಯಲ್ಲಿ, ಕ್ಯಾಲ್ಸಿಯಂ ಫಾಸ್ಫೇಟಿನ ಸಣ್ಣ ಬಿಳಿ ಮಚ್ಚೆಗಳಿರುತ್ತವೆ. ಆ ಮಚ್ಚೆ ಒಳಪದರವನ್ನು ಹರಿದು ಮೇಲೆ ಬಂದಾಗ ಅದರ ಮೇಲೆ ಕ್ಯಾಲ್ಸಿಯಂ ಆಕ್ಸಲೇಟ್ ಪದರ ಪದರವಾಗಿ ಕಟ್ಟುತ್ತದೆ. ಇವತ್ತು ಕ್ಯಾಮೆರಾ ಇರುವ ತೆಳುವಾದ ಕೊಳವೆಯನ್ನು ಕಿಡ್ನಿಯೊಳಗೆ ಹಾಕಿ ನೋಡುವ ಡಾಕ್ಟರಿಗೆ ಈ ಮಚ್ಚೆಗೆ ಕಚ್ಚಿಕೊಂಡಿರುವ ಕಲ್ಲು ಕಣ್ಣೆದುರೇ ಕಾಣುತ್ತದೆ.

ಎಲ್ಲಾ ಕಲ್ಲೂ ಒಂದೇ ಅಲ್ಲ

ಸುಮಾರು ನೂರರಲ್ಲಿ ಎಂಬತ್ತು ಕಲ್ಲುಗಳು ಕ್ಯಾಲ್ಸಿಯಂ ಕಲ್ಲುಗಳೇ. ಅವುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು, ಉಳಿದವು ಕ್ಯಾಲ್ಸಿಯಂ ಫಾಸ್ಫೇಟಿನವು. ಇವುಗಳ ಹಿಂದೆ ಒಂದೇ ಕಾರಣ ಇರುವುದಿಲ್ಲ. ನೀರು ಕಡಿಮೆ ಕುಡಿಯುವುದು, ಬಿಸಿಲಿನಲ್ಲಿ ಅಥವಾ ಕುಲುಮೆಯ ಪಕ್ಕ ದಿನವಿಡೀ ಬೆವರು ಸುರಿಸುವ ಕೆಲಸ, ಉಪ್ಪು ಜಾಸ್ತಿ ತಿನ್ನುವುದು, ಮಾಂಸ ಜಾಸ್ತಿ ತಿನ್ನುವುದು, ಬೊಜ್ಜು, ಮನೆತನದಲ್ಲಿ ಕಲ್ಲಿನ ತೊಂದರೆ, ಹೀಗೆ ನಾಲ್ಕಾರು ಒಟ್ಟಿಗೆ ಸೇರುತ್ತವೆ. ಉಪ್ಪಿನ ಮಾತು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಉಪ್ಪಿನಲ್ಲಿರುವ ಸೋಡಿಯಂ ಅನ್ನು ಕಿಡ್ನಿ ಹೊರಗೆ ಹಾಕುವಾಗ ಅದರ ಬೆನ್ನಿಗೇ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ಹಾಗಾಗಿ ತಟ್ಟೆಯಲ್ಲಿ ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ. ಮಾಂಸ ಅತಿಯಾದರೆ ದೇಹದಲ್ಲಿ ಆಮ್ಲ ಹೆಚ್ಚುತ್ತದೆ, ಆಗ ಕಿಡ್ನಿ ಸಿಟ್ರೇಟನ್ನು ಹೊರಗೆ ಬಿಡದೆ ಒಳಗೇ ಎಳೆದುಕೊಳ್ಳುತ್ತದೆ. ಕಲ್ಲನ್ನು ತಡೆಯಬೇಕಾದ ಪದಾರ್ಥವೇ ಮೂತ್ರದಲ್ಲಿ ಕಡಿಮೆಯಾಗುತ್ತದೆ.

ಕೆಲವೊಮ್ಮೆ ಕಾರಣ ಕಿಡ್ನಿಯ ಹೊರಗೇ ಇರುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಇರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಒಂದು ಗಡ್ಡೆಯಾಗಿ ಬೆಳೆದು ಹಾರ್ಮೋನನ್ನು ಜಾಸ್ತಿ ಸುರಿಸಿದರೆ, ಮೂಳೆಯಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತದೆ, ಅಲ್ಲಿಂದ ಮೂತ್ರಕ್ಕೆ. ಅಂಥವರಿಗೆ ಎಷ್ಟು ಸಲ ಕಲ್ಲು ತೆಗೆದರೂ ಆ ಗ್ರಂಥಿಯನ್ನು ಸರಿಪಡಿಸುವವರೆಗೆ ಕಲ್ಲು ಬರುತ್ತಲೇ ಇರುತ್ತದೆ. ಕರುಳಿನ ದೀರ್ಘಕಾಲದ ಕಾಯಿಲೆ ಇರುವವರದ್ದು, ತೂಕ ಇಳಿಸಲು ಕರುಳಿನ ದಾರಿ ಬದಲಿಸುವ ಆಪರೇಷನ್ ಮಾಡಿಸಿಕೊಂಡವರದ್ದು ಇನ್ನೊಂದು ಕಥೆ. ಅವರಲ್ಲಿ ಕೊಬ್ಬು ಸರಿಯಾಗಿ ಜೀರ್ಣವಾಗದೆ ಕರುಳಿನಲ್ಲೇ ಉಳಿದು ಕ್ಯಾಲ್ಸಿಯಂ ಜೊತೆ ಅಂಟಿಕೊಳ್ಳುತ್ತದೆ. ಜೊತೆಗಾರ ಇಲ್ಲದೆ ಉಳಿದ ಆಕ್ಸಲೇಟ್ ರಕ್ತಕ್ಕೆ ನುಗ್ಗಿ ಕಿಡ್ನಿಗೆ ಬರುತ್ತದೆ. ವಿಟಮಿನ್ ಸಿ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೂ ದೇಹ ಅದರ ಒಂದಷ್ಟನ್ನು ಆಕ್ಸಲೇಟಾಗಿ ಬದಲಿಸುತ್ತದೆ. ಒಳ್ಳೆಯದು ಅಂತ ಸುಮ್ನೆ ನುಂಗುವವರು ಇದನ್ನು ತಿಳಿದಿರಬೇಕು.

ಯೂರಿಕ್ ಆಸಿಡ್ ಕಲ್ಲಿನ ಸ್ವಭಾವ ಬೇರೆ. ಇಲ್ಲಿ ಯೂರಿಕ್ ಆಸಿಡ್ ಎಷ್ಟಿದೆ ಅನ್ನುವುದಕ್ಕಿಂತ ಮೂತ್ರ ಎಷ್ಟು ಹುಳಿಯಾಗಿದೆ ಅನ್ನುವುದು ಮುಖ್ಯ. ಈ ಹುಳಿಯ ಅಳತೆಗೆ ಪಿಎಚ್ ಅಂತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಮೂತ್ರದ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಯೂರಿಕ್ ಆಸಿಡ್ ಕರಗುವುದೇ ಕಷ್ಟ. ಸಕ್ಕರೆ ಕಾಯಿಲೆ, ಬೊಜ್ಜು, ಗೌಟ್ (ಯೂರಿಕ್ ಆಸಿಡಿನಿಂದ ಕೀಲು ಊದಿ ನೋಯುವ ಕಾಯಿಲೆ) ಇರುವವರಲ್ಲಿ ಮೂತ್ರ ಹೀಗೆ ಆಮ್ಲೀಯವಾಗಿರುವುದು ಸಾಮಾನ್ಯ. ಈ ಕಲ್ಲಿಗೆ ಒಂದು ಒಳ್ಳೆಯ ಗುಣವೂ ಇದೆ. ಪೊಟ್ಯಾಸಿಯಂ ಸಿಟ್ರೇಟಿನಂಥ ಔಷಧಿ ಕೊಟ್ಟು ಮೂತ್ರದ ಆಮ್ಲೀಯತೆ ತಗ್ಗಿಸಿದರೆ ಇದು ಕರಗುತ್ತದೆ. ಕ್ಯಾಲ್ಸಿಯಂ ಕಲ್ಲು ಔಷಧಿಗೆ ಹೀಗೆ ಕರಗುವುದಿಲ್ಲ. ಯಾವ ಕಲ್ಲು ಅಂತ ತಿಳಿಯುವುದು ಯಾಕೆ ಮುಖ್ಯ ಅಂತ ಇಲ್ಲೇ ಗೊತ್ತಾಗುತ್ತದೆ. ಒಬ್ಬರಿಗೆ ಆಪರೇಷನ್ ಬೇಕಾಗುವ ಕಡೆ ಇನ್ನೊಬ್ಬರಿಗೆ ಔಷಧಿಯಲ್ಲೇ ಮುಗಿಯಬಹುದು.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಸೋಂಕಿನ ಕಲ್ಲು. ಇದರ ಹೆಸರು ಸ್ಟ್ರುವೈಟ್. ಪ್ರೋಟಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಕ್ಷಾರೀಯವಾಗುತ್ತದೆ, ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಮೂರೂ ಸೇರಿ ಗಟ್ಟಿಯಾಗುತ್ತವೆ. ಕೆಲವೇ ವಾರ, ತಿಂಗಳಲ್ಲಿ ಇದು ಕಿಡ್ನಿಯ ಒಳಗಿನ ಕವಲುಗಳನ್ನೆಲ್ಲ ತುಂಬಿಕೊಂಡು ಜಿಂಕೆಯ ಕೊಂಬಿನ ಆಕಾರದಲ್ಲಿ ಬೆಳೆದುಬಿಡಬಹುದು. ಕೆಳಗೆ ಜಾರುವ ಕಲ್ಲಲ್ಲ, ಹಾಗಾಗಿ ಉರುಳಾಡಿಸುವ ನೋವೂ ಇರುವುದಿಲ್ಲ. ಪದೇ ಪದೇ ಉರಿಮೂತ್ರ, ಸುಸ್ತು, ಆಗಾಗ ಜ್ವರ, ಇಷ್ಟೇ ಇರಬಹುದು. ಕಲ್ಲಿನ ಒಳಗೇ ಬ್ಯಾಕ್ಟೀರಿಯಾ ಅಡಗಿರುವುದರಿಂದ ಆಂಟಿಬಯೋಟಿಕ್ ಕೊಟ್ಟಾಗ ಕಡಿಮೆಯಾದಂತೆ ಕಂಡು ಮತ್ತೆ ಮರುಕಳಿಸುತ್ತದೆ. ಹೆಂಗಸರಲ್ಲಿ ಇದು ಜಾಸ್ತಿ. "ಉರಿಮೂತ್ರ ತಾನೆ" ಅಂತ ಸಲ ಸಲಕ್ಕೂ ಮಾತ್ರೆ ತಗೊಂಡು ಸುಮ್ಮನಾಗುವವರು ಒಂದು ಸಲವಾದರೂ ಸ್ಕ್ಯಾನ್ ಮಾಡಿಸಿಕೊಳ್ಳಲಿ.

ಸಿಸ್ಟೀನ್ ಎಂಬ ಅಮೈನೋ ಆಸಿಡಿನಿಂದ ಆಗುವ ಕಲ್ಲು ಅಪರೂಪದ್ದು. ಹುಟ್ಟಿನಿಂದ ಬರುವ ದೋಷ, ಮಕ್ಕಳಲ್ಲಿ, ಎಳೆ ವಯಸ್ಸಿನವರಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವು ಔಷಧಿಗಳಿಂದಲೂ ಕಲ್ಲಾಗಬಹುದು. ಫಿಟ್ಸ್ ಮತ್ತು ಮೈಗ್ರೇನಿಗೆ ಕೊಡುವ ಟೋಪಿರಮೇಟ್ ಅದಕ್ಕೊಂದು ಉದಾಹರಣೆ. ಅದಕ್ಕಾಗಿಯೇ ಡಾಕ್ಟರು ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಕೇಳಿದಾಗ ಒಂದನ್ನೂ ಬಿಡದೆ ಹೇಳಬೇಕು.

ಹಾಲು, ಮೊಸರು ಬಿಡಬೇಕಾ?

ಕಲ್ಲು ಕ್ಯಾಲ್ಸಿಯಂನಿಂದ ಆಗಿದೆ ಅಂದ ಕೂಡಲೇ ಹಾಲು, ಮೊಸರು ಬಿಟ್ಟುಬಿಡುವವರು ತುಂಬಾ ಜನ. ಕೇಳಲು ಸರಿ ಅನ್ನಿಸುತ್ತದೆ. ಡಾಕ್ಟರುಗಳೂ ಬಹಳ ಕಾಲ ಹೀಗೇ ಹೇಳುತ್ತಿದ್ದರು. ಆದರೆ ಆಗುವುದು ಉಲ್ಟಾ.

ಊಟದ ಜೊತೆ ತಿಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದಲ್ಲಿ ಸಾಗಿಸಿಬಿಡುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ಬಿಡಿಯಾಗಿ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. ಅಮೆರಿಕದಲ್ಲಿ ಸುಮಾರು 45,000 ಗಂಡಸರ ಆಹಾರವನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದವರಿಗೇ ಕಲ್ಲು ಕಡಿಮೆ ಬಂದಿತ್ತು. 2002ರಲ್ಲಿ ಇಟಲಿಯ ಡಾಕ್ಟರುಗಳು ಇನ್ನೂ ನೇರವಾಗಿ ಪರೀಕ್ಷಿಸಿದ ಫಲಿತಾಂಶ ಬಂತು. ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರಲ್ಲಿ ಅರ್ಧ ಜನರಿಗೆ ಕ್ಯಾಲ್ಸಿಯಂ ಕಡಿಮೆ ಮಾಡಿಸಿದರು. ಇನ್ನರ್ಧ ಜನರಿಗೆ ಕ್ಯಾಲ್ಸಿಯಂ ಮಾಮೂಲಿನಷ್ಟೇ ಕೊಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿಸಿದರು. 5 ವರ್ಷದ ನಂತರ ನೋಡಿದರೆ ಮೊದಲ ಗುಂಪಿನಲ್ಲಿ 23 ಜನರಿಗೆ, ಎರಡನೇ ಗುಂಪಿನಲ್ಲಿ 12 ಜನರಿಗೆ ಕಲ್ಲು ಮರುಕಳಿಸಿತ್ತು.

ಹಾಗಾಗಿ ಕ್ಯಾಲ್ಸಿಯಂ ಇರುವ ಆಹಾರವನ್ನು ಬಿಡಬೇಡಿ, ಊಟದ ಜೊತೆಗೇ ತಿನ್ನಿ. ಮಾತ್ರೆಯ ಕ್ಯಾಲ್ಸಿಯಂ ಬೇರೆ ವಿಚಾರ. ಊಟದ ಹೊತ್ತು ಬಿಟ್ಟು ನುಂಗಿದರೆ ಅದಕ್ಕೆ ಕರುಳಿನಲ್ಲಿ ಹಿಡಿಯಲು ಆಕ್ಸಲೇಟ್ ಇರುವುದಿಲ್ಲ, ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. ಅದನ್ನು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು. ಪಾಲಕ್, ಬಾದಾಮಿ, ಬೀಟ್‌ರೂಟ್‌ನಂಥ ಆಕ್ಸಲೇಟ್ ಜಾಸ್ತಿ ಇರುವ ಪದಾರ್ಥಗಳನ್ನು ಮಿತಿಯಲ್ಲಿ ಇಡುವುದು ಮೂತ್ರದಲ್ಲಿ ಆಕ್ಸಲೇಟ್ ಜಾಸ್ತಿ ಇರುವವರಿಗೆ ಉಪಯೋಗ. ಎಲ್ಲರೂ ಎಲ್ಲಾ ಸೊಪ್ಪನ್ನೂ ಬಿಡಬೇಕಾಗಿಲ್ಲ.

ನೋವು ಯಾಕೆ ಬರುತ್ತದೆ, ಎಲ್ಲಿ ಬರುತ್ತದೆ?

ಕಿಡ್ನಿಯೊಳಗೆ ಸುಮ್ಮನೆ ಕೂತ ಕಲ್ಲು ಸಾಮಾನ್ಯವಾಗಿ ನೋಯಿಸುವುದಿಲ್ಲ. ಅದು ಕಿಡ್ನಿ ಬಿಟ್ಟು ಮೂತ್ರನಾಳಕ್ಕೆ ಇಳಿದಾಗ ಆಟ ಶುರು. ಕಿಡ್ನಿಯಿಂದ ಮೂತ್ರಕೋಶಕ್ಕೆ ಹೋಗುವ ಈ ನಾಳ 25ರಿಂದ 30 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ. ಅದರಲ್ಲಿ ಮೂರು ಕಡೆ ಇನ್ನೂ ಇಕ್ಕಟ್ಟು. ಒಂದು ಕಿಡ್ನಿಯಿಂದ ನಾಳ ಹೊರಡುವ ಜಾಗ, ಇನ್ನೊಂದು ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ದಾಟುವ ಜಾಗ, ಮೂರನೆಯದು ಮೂತ್ರಕೋಶದೊಳಗೆ ಸೇರುವ ಜಾಗ. ಕೊನೆಯದೇ ಎಲ್ಲಕ್ಕಿಂತ ಕಿರಿದು. ಕಲ್ಲು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಈ ಮೂರರಲ್ಲಿ ಒಂದು ಕಡೆ.

ಕಲ್ಲಿನ ಚೂಪು ಚುಚ್ಚುವುದರಿಂದ ನೋವಾಗುತ್ತದೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಮುಖ್ಯ ಕಾರಣ ಅದಲ್ಲ. ದಾರಿ ಮುಚ್ಚಿದ್ದರಿಂದ ಮೂತ್ರ ಹಿಂದೆ ತುಂಬಿಕೊಂಡು ನಾಳವೂ ಕಿಡ್ನಿಯ ಹೊದಿಕೆಯೂ ಬಿಗಿದು ಹಿಗ್ಗುತ್ತವೆ. ಆಗ ಕಿಡ್ನಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಅವು ಕಿಡ್ನಿಗೆ ಬರುವ ರಕ್ತವನ್ನು ಹೆಚ್ಚಿಸುತ್ತವೆ, ಇನ್ನಷ್ಟು ಮೂತ್ರ ತಯಾರಾಗುತ್ತದೆ, ಒತ್ತಡ ಮತ್ತೂ ಏರುತ್ತದೆ. ನಾಳದ ಸ್ನಾಯುವೂ ಬಿಗಿಯುತ್ತದೆ. ಡೈಕ್ಲೋಫಿನ್ಯಾಕ್ ಥರದ ಔಷಧಿ ಈ ನೋವಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುವುದರಿಂದ. ಆದರೆ ಕಿಡ್ನಿ ಮೊದಲೇ ದುರ್ಬಲ ಇರುವವರಿಗೆ, ಹೊಟ್ಟೆಯಲ್ಲಿ ಹುಣ್ಣಿರುವವರಿಗೆ, ಗರ್ಭಿಣಿಯರಿಗೆ ಈ ಔಷಧಿ ಆಗಿಬರುವುದಿಲ್ಲ. ತಾವಾಗೇ ತಗೊಳ್ಳಬಾರದು. ನೋವು ಬಂದ ಹೊತ್ತಿನಲ್ಲಿ ಲೀಟರ್‌ಗಟ್ಟಲೆ ನೀರು ಕುಡಿದರೆ ಕಲ್ಲು ತೊಳೆದುಕೊಂಡು ಹೋಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು.

ನೋವು ಸಾಮಾನ್ಯವಾಗಿ ಇದ್ದಕ್ಕಿದ್ದ ಹಾಗೆ ಶುರುವಾಗುತ್ತದೆ. ಬೆನ್ನಿನ ಒಂದು ಪಕ್ಕ, ಕೊನೆಯ ಪಕ್ಕೆಲುಬಿನ ಕೆಳಗೆ. ಅಲೆ ಅಲೆಯಾಗಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕಲ್ಲು ಕೆಳಗಿಳಿದಂತೆ ನೋವೂ ಇಳಿಯುತ್ತದೆ. ಹೊಟ್ಟೆಯ ಪಕ್ಕಕ್ಕೆ, ತೊಡೆಸಂದಿಗೆ, ಗಂಡಸರಿಗೆ ವೃಷಣಕ್ಕೆ, ಹೆಂಗಸರಿಗೆ ಯೋನಿಯ ಹೊರಭಾಗಕ್ಕೆ ಹರಿಯುತ್ತದೆ. ಮೂತ್ರಕೋಶದ ಬಾಗಿಲಿಗೆ ಬಂದಾಗ ಪದೇ ಪದೇ ಮೂತ್ರಕ್ಕೆ ಅವಸರವಾಗುತ್ತದೆ, ಹೋದರೆ ನಾಲ್ಕು ಹನಿ. ಹಾಗಾಗಿ ಇದನ್ನು ಉರಿಮೂತ್ರದ ಸೋಂಕು ಅಂತ ತಪ್ಪು ತಿಳಿಯುವುದುಂಟು. ಕಿಡ್ನಿ ಮತ್ತು ಕರುಳಿನ ನರಗಳಿಗೆ ನಂಟಿರುವುದರಿಂದ ಓಕರಿಕೆ, ವಾಂತಿ ಬರುತ್ತದೆ. ಮೂತ್ರ ಕೆಂಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಬಹುದು.

ಇನ್ನೊಂದು ವಿಷಯವನ್ನು ಅನುಭವಿ ಡಾಕ್ಟರು ರೋಗಿ ಬಾಗಿಲಲ್ಲಿ ಬರುವಾಗಲೇ ಗಮನಿಸುತ್ತಾರೆ. ಕಲ್ಲಿನ ನೋವಿರುವವರು ಒಂದು ಕಡೆ ನಿಲ್ಲುವುದಿಲ್ಲ. ಕೂರುತ್ತಾರೆ, ಏಳುತ್ತಾರೆ, ಬಗ್ಗುತ್ತಾರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಲೇ ಇರುತ್ತಾರೆ. ಯಾವ ಭಂಗಿಯಲ್ಲೂ ಆರಾಮ ಇಲ್ಲ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆ ಸೋಂಕು ಹರಡಿದವರು ಇದಕ್ಕೆ ವಿರುದ್ಧ. ಅಲುಗಾಡಿದರೆ ನೋವು ಜಾಸ್ತಿಯಾಗುವುದರಿಂದ ಉಸಿರನ್ನೂ ಮೆಲ್ಲಗೆ ಎಳೆಯುತ್ತಾ ಮಲಗಿರುತ್ತಾರೆ.

ಕಾಯಬಾರದ ಹೊತ್ತು

ನೋವಿನ ಜೊತೆ ಚಳಿಜ್ವರ ಬಂದರೆ ಅದು ತುರ್ತು. ಕಲ್ಲಿನ ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗಲಿದೆ ಅಂತ ಅರ್ಥ. ಆ ಕೀವಿಗೆ ಹೊರಗೆ ಹೋಗಲು ದಾರಿ ಇಲ್ಲ, ಹಾಗಾಗಿ ರಕ್ತಕ್ಕೆ ನುಗ್ಗುತ್ತದೆ. ಕೆಲವೇ ಗಂಟೆಗಳಲ್ಲಿ ಬಿಪಿ ಕುಸಿದು ಜೀವಕ್ಕೆ ಅಪಾಯವಾಗಬಹುದು. ಇಲ್ಲಿ ಆಂಟಿಬಯೋಟಿಕ್ ಒಂದೇ ಸಾಲದು. ನಾಳದೊಳಗೆ ಸ್ಟೆಂಟ್ ಎಂಬ ತೆಳು ನಳಿಕೆ ಹಾಕಿ, ಇಲ್ಲವೇ ಬೆನ್ನಿನಿಂದ ಕಿಡ್ನಿಗೆ ನಳಿಕೆ ಹಾಕಿ ಮೊದಲು ಮೂತ್ರ ಹೊರಗೆ ಹರಿಯುವಂತೆ ಮಾಡುತ್ತಾರೆ. ಕಲ್ಲು ತೆಗೆಯುವುದು ಆಮೇಲೆ. ಮೂತ್ರವೇ ಬರದಿರುವುದು, ಒಂದೇ ಕಿಡ್ನಿ ಇರುವವರಿಗೆ ನೋವು ಬರುವುದು, ಗರ್ಭಿಣಿಗೆ ನೋವು ಬರುವುದು, ವಾಂತಿಯಿಂದ ಒಂದು ಗುಟುಕು ನೀರೂ ನಿಲ್ಲದಿರುವುದು, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ.

ಇದಕ್ಕಿಂತ ಸದ್ದಿಲ್ಲದ ಅಪಾಯ ಒಂದಿದೆ. ಎರಡು ಮೂರು ದಿನ ಒದ್ದಾಡಿಸಿದ ನೋವು ನಿಂತುಹೋಗುತ್ತದೆ. ಕಲ್ಲು ಬಿದ್ದಿರಬೇಕು ಅಂತ ಎಲ್ಲರಿಗೂ ಸಮಾಧಾನ. ಬಿದ್ದಿರಲೂಬಹುದು. ಆದರೆ ಕಲ್ಲು ಅಲ್ಲೇ ಇದ್ದು ಒತ್ತಡ ಮಾತ್ರ ಕಡಿಮೆಯಾಗಿದ್ದರೂ ನೋವು ನಿಲ್ಲುತ್ತದೆ. ದಾರಿ ಮುಚ್ಚಿದ ಕಿಡ್ನಿ ದಿನ ಕಳೆದಂತೆ ಕೆಲಸ ಕಡಿಮೆ ಮಾಡುತ್ತದೆ, ಮೂತ್ರ ಕಡಿಮೆಯಾದಂತೆ ಒತ್ತಡವೂ ಇಳಿಯುತ್ತದೆ. ಹೀಗೇ ವಾರಗಟ್ಟಲೆ ಬಿಟ್ಟರೆ ಆ ಕಿಡ್ನಿ ಮತ್ತೆ ಚೇತರಿಸಿಕೊಳ್ಳದ ಸ್ಥಿತಿಗೆ ಹೋಗಬಹುದು. ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ ಕೂಡ ಹೆಚ್ಚುಕಮ್ಮಿ ಸರಿಯಾಗೇ ಇರಬಹುದು. ಕಲ್ಲು ಬಿದ್ದದ್ದನ್ನು ಕಣ್ಣಾರೆ ನೋಡದಿದ್ದರೆ ಮತ್ತೊಂದು ಸ್ಕ್ಯಾನ್ ಮಾಡಿಸಲೇಬೇಕು. ಈ ಒಂದು ವಿಷಯವನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಪತ್ತೆ ಮಾಡುವುದು

ಡಾಕ್ಟರಿಗೆ ಮೊದಲ ಕೆಲಸ, ಇದು ಕಲ್ಲೇ ಹೌದಾ ಅಂತ ಖಚಿತ ಮಾಡಿಕೊಳ್ಳುವುದು. ಇದೇ ಜಾಗದಲ್ಲಿ ಇದೇ ಥರ ನೋಯಿಸುವ ಬೇರೆ ಕಾಯಿಲೆಗಳಿವೆ. 60 ದಾಟಿದವರಿಗೆ ಜೀವನದಲ್ಲೇ ಮೊದಲ ಸಲ ಇಂಥ ನೋವು ಬಂದರೆ ಹೊಟ್ಟೆಯ ಮಹಾಪಧಮನಿ ಉಬ್ಬಿ ಸೀಳುತ್ತಿದೆಯೇ ಅಂತ ನೋಡಲೇಬೇಕು. ಹೆರಿಗೆಯ ವಯಸ್ಸಿನ ಹೆಂಗಸರಿಗೆ ಗರ್ಭಪರೀಕ್ಷೆ ಮಾಡುವುದು, ಗರ್ಭ ಗರ್ಭಕೋಶದ ಹೊರಗೆ ನಿಂತಿರಬಹುದಾ ಅನ್ನುವ ಅನುಮಾನಕ್ಕೆ ಮತ್ತು ಸಿಟಿ ಸ್ಕ್ಯಾನಿಗೆ ಮೊದಲು ಎಚ್ಚರಿಕೆಗೆ. ಹುಡುಗರಿಗೆ ವೃಷಣ ತಿರುಚಿಕೊಂಡರೂ ನೋವು ಹೊಟ್ಟೆಯಲ್ಲಿ ಅನ್ನಿಸಬಹುದು.

ಮೂತ್ರ ಪರೀಕ್ಷೆ ಸುಲಭದ್ದು, ಬೇಗ ಆಗುವಂಥದ್ದು. ಕಣ್ಣಿಗೆ ಕಾಣದ ರಕ್ತವೂ ಅದರಲ್ಲಿ ಗೊತ್ತಾಗುತ್ತದೆ. ಆದರೆ ರಕ್ತ ಕಾಣಲಿಲ್ಲ ಅಂದ ಮಾತ್ರಕ್ಕೆ ಕಲ್ಲಿಲ್ಲ ಅನ್ನಲಾಗದು. ಕಲ್ಲಿದ್ದೂ ಮೂತ್ರದಲ್ಲಿ ರಕ್ತ ಸಿಗದವರು ಒಂದಷ್ಟು ಜನ ಇದ್ದೇ ಇರುತ್ತಾರೆ. ಕೀವಿನ ಕಣ ಕಂಡರೆ ಕಲ್ಚರ್‌ಗೆ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಆರು ಮೂಲೆಯ ಚಪ್ಪಟೆ ಹರಳು ಕಂಡರೆ ಸಿಸ್ಟೀನ್ ಅಂತ ಅಲ್ಲೇ ಗೊತ್ತಾಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್, ಬಿಳಿ ರಕ್ತಕಣ, ಕ್ಯಾಲ್ಸಿಯಂ, ಯೂರಿಕ್ ಆಸಿಡ್ ನೋಡುತ್ತಾರೆ. ಕ್ಯಾಲ್ಸಿಯಂ ಜಾಸ್ತಿ ಬಂದರೆ ಆಗಲೇ ಹೇಳಿದ ಪ್ಯಾರಾಥೈರಾಯ್ಡ್ ಕಡೆ ಗಮನ ಹೋಗುತ್ತದೆ.

ಇನ್ನು ಸ್ಕ್ಯಾನ್. ಅಲ್ಟ್ರಾಸೌಂಡಿನಲ್ಲಿ ವಿಕಿರಣ ಇಲ್ಲ, ಮಕ್ಕಳಿಗೆ, ಗರ್ಭಿಣಿಯರಿಗೆ ಅದೇ ಮೊದಲು. ಕಿಡ್ನಿಯೊಳಗಿನ ಕಲ್ಲು ಅದರಲ್ಲಿ ಬೆಳ್ಳಗೆ ಹೊಳೆಯುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಮೂತ್ರ ತುಂಬಿ ಕಿಡ್ನಿ ಊದಿಕೊಂಡಿದ್ದರೆ ಅದೂ ಚೆನ್ನಾಗಿ ಕಾಣುತ್ತದೆ. ಮೂತ್ರನಾಳದ ನಡುವೆ ಸಿಕ್ಕಿಕೊಂಡ ಸಣ್ಣ ಕಲ್ಲು ಮಾತ್ರ ಎಷ್ಟೋ ಸಲ ಕಾಣುವುದಿಲ್ಲ, ಮುಂದೆ ಕರುಳಿನ ಗಾಳಿ ಅಡ್ಡ ಇರುತ್ತದೆ. ಸ್ಕ್ಯಾನ್ ರಿಪೋರ್ಟಿನಲ್ಲಿ "ಕಲ್ಲು ಕಂಡಿಲ್ಲ, ಆದರೆ ಕಿಡ್ನಿ ಸ್ವಲ್ಪ ಊದಿದೆ" ಅಂತ ಬರೆದಿದ್ದರೆ ಕಲ್ಲಿಲ್ಲ ಅಂತ ಓದಿಕೊಳ್ಳಬೇಡಿ. ಕೆಳಗೆಲ್ಲೋ ತಡೆ ಇದೆ, ಇನ್ನೂ ಹುಡುಕಬೇಕು ಅಂತ ಓದಿಕೊಳ್ಳಿ.

ಎಲ್ಲಕ್ಕಿಂತ ಖಚಿತವಾದದ್ದು ಬಣ್ಣದ ಔಷಧಿ ಹಾಕದೆ ಮಾಡುವ ಸಿಟಿ ಸ್ಕ್ಯಾನ್. ನೂರಕ್ಕೆ 95ಕ್ಕಿಂತ ಹೆಚ್ಚು ಕಲ್ಲುಗಳನ್ನು ಅದು ಹಿಡಿಯುತ್ತದೆ. ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟು ಗಟ್ಟಿ ಅನ್ನುವುದನ್ನೂ ಹೇಳುತ್ತದೆ. ರಿಪೋರ್ಟಿನಲ್ಲಿ ಎಚ್‌ಯು ಅಂತ ಒಂದು ಸಂಖ್ಯೆ ಇರುತ್ತದೆ, ಅದು ಕಲ್ಲಿನ ಸಾಂದ್ರತೆ. 500ಕ್ಕಿಂತ ಕಡಿಮೆ ಇದ್ದರೆ ಯೂರಿಕ್ ಆಸಿಡ್ ಇರಬಹುದು ಅನ್ನುವ ಊಹೆಗೆ ಬಲ ಬರುತ್ತದೆ, 1000 ದಾಟಿದರೆ ಗಟ್ಟಿ ಕ್ಯಾಲ್ಸಿಯಂ ಕಲ್ಲು. ಸಿಟಿಯಲ್ಲಿ ವಿಕಿರಣ ಇರುವುದರಿಂದ ಕಡಿಮೆ ಡೋಸಿನಲ್ಲಿ ಮಾಡುವ ಪದ್ಧತಿ ಬಂದಿದೆ, ಅದನ್ನು ಕೇಳಬಹುದು. ಎಲ್ಲರಿಗೂ ಮೊದಲೇ ಸಿಟಿ ಬೇಕಾ ಅನ್ನುವ ಪ್ರಶ್ನೆಗೆ ಅಮೆರಿಕದ ತುರ್ತು ವಿಭಾಗಗಳಲ್ಲಿ 2,759 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಒಂದು ಉತ್ತರ ಕೊಟ್ಟಿತು. ಅಲ್ಟ್ರಾಸೌಂಡಿನಿಂದ ಶುರು ಮಾಡಿ, ಬೇಕಾದವರಿಗೆ ಮಾತ್ರ ಆಮೇಲೆ ಸಿಟಿ ಮಾಡಿದರೂ ದೊಡ್ಡ ತೊಂದರೆಗಳು ಜಾಸ್ತಿಯಾಗಲಿಲ್ಲ, ವಿಕಿರಣ ಮಾತ್ರ ಕಡಿಮೆಯಾಯಿತು.

ಸಾಮಾನ್ಯ ಎಕ್ಸ್-ರೇಯಲ್ಲಿ ಯೂರಿಕ್ ಆಸಿಡ್ ಕಲ್ಲು ಕಾಣುವುದೇ ಇಲ್ಲ. ಆದರೆ ಮೊದಲೇ ಪತ್ತೆಯಾದ ಕ್ಯಾಲ್ಸಿಯಂ ಕಲ್ಲು ಎಲ್ಲಿಯವರೆಗೆ ಇಳಿದಿದೆ ಅಂತ ನೋಡಲು ಅದು ಸಾಕು.

ಅಳತೆ ಗೊತ್ತಾದ ಮೇಲೆ ಮುಂದಿನ ದಾರಿ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಮೂರರಲ್ಲಿ ಎರಡು ತಾವಾಗೇ ಬೀಳುತ್ತವೆ. 5ರಿಂದ 10ರ ನಡುವಿನವು ಅರ್ಧದಷ್ಟು. ಸೋಂಕು ಇಲ್ಲದಿದ್ದರೆ ನಾಲ್ಕರಿಂದ ಆರು ವಾರ ಕಾದು ನೋಡುವುದುಂಟು, ನಡುವೆ ಸ್ಕ್ಯಾನ್ ಮಾಡಿಸುತ್ತಾ. 10 ದಾಟಿದ ಕಲ್ಲು ತಾನಾಗೇ ಬೀಳುವುದು ಅಪರೂಪ. ಅದನ್ನು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿ ಮಾಡುವುದು, ನಾಳದೊಳಗೆ ಕೊಳವೆ ಹಾಕಿ ಲೇಸರ್‌ನಿಂದ ಒಡೆಯುವುದು, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ತೆಗೆಯುವುದು, ಇವುಗಳಲ್ಲಿ ಯಾವುದು ಅನ್ನುವುದನ್ನು ಕಲ್ಲಿನ ಜಾಗ ಮತ್ತು ಗಟ್ಟಿತನ ನೋಡಿ ನಿರ್ಧರಿಸುತ್ತಾರೆ.

ಕಲ್ಲು ಬಿದ್ದ ಮೇಲಿನ ಪರೀಕ್ಷೆ

ಇಲ್ಲಿಗೆ ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ನನಗೆ ಬೇಸರವಾಗುವುದು ಇಲ್ಲೇ. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧ ಜನರಿಗೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ಅದನ್ನು ತಡೆಯಲು ಬೇಕಾದ ಮಾಹಿತಿ ಎರಡು ಕಡೆ ಇದೆ, ಒಂದು ಬಿದ್ದ ಕಲ್ಲು, ಇನ್ನೊಂದು ಮೂತ್ರ.

ಕಲ್ಲು ಬೀಳಬಹುದು ಅಂತ ಡಾಕ್ಟರು ಹೇಳಿದ ದಿನದಿಂದ ಪ್ರತಿ ಸಲವೂ ಮೂತ್ರವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ, ಇಲ್ಲವೇ ತೆಳು ಬಟ್ಟೆಯಲ್ಲಿ ಸೋಸಿ. ಕಂದು ಬಣ್ಣದ ಒಂದು ಒರಟು ಕಣ ಸಿಕ್ಕಿದರೂ ತೊಳೆದು, ಒಣಗಿಸಿ, ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಕೊಡಿ. ಅವರು ಇನ್ಫ್ರಾರೆಡ್ ಬೆಳಕು ಹಾಯಿಸಿ ಅದು ಯಾವುದರಿಂದ ಆಗಿದೆ ಅಂತ ಹೇಳುತ್ತಾರೆ. ಆಪರೇಷನ್ ಮಾಡಿ ತೆಗೆದ ಚೂರನ್ನೂ ಹೀಗೇ ಪರೀಕ್ಷೆಗೆ ಕಳಿಸಿ ಅಂತ ಮೊದಲೇ ಹೇಳಿಡಿ.

ಎರಡನೆಯದು 24 ಗಂಟೆಯ ಮೂತ್ರ ಪರೀಕ್ಷೆ. ಪದೇ ಪದೇ ಕಲ್ಲಾಗುವವರಿಗೆ, ಮಕ್ಕಳಿಗೆ, ಒಂದೇ ಕಿಡ್ನಿ ಇರುವವರಿಗೆ, ಮನೆತನದಲ್ಲಿ ಕಲ್ಲಿರುವವರಿಗೆ ಇದು ತುಂಬಾ ಉಪಯುಕ್ತ. ನೋವೆಲ್ಲ ಮುಗಿದು ತಿಂಗಳು ಒಂದೂವರೆ ತಿಂಗಳಾದ ಮೇಲೆ, ಮಾಮೂಲಿ ಊಟ, ಮಾಮೂಲಿ ದಿನಚರಿ ಇರುವಾಗ ಮಾಡಬೇಕು. ಬೆಳಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಟಾಯ್ಲೆಟ್ಟಿಗೇ ಬಿಟ್ಟು ಗಂಟೆ ಬರೆದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಹಗಲು ರಾತ್ರಿ ಬಂದ ಪ್ರತಿ ಹನಿಯೂ ಲ್ಯಾಬ್ ಕೊಟ್ಟ ಕ್ಯಾನಿಗೆ. ಮಾರನೆಯ ದಿನ ಅದೇ ಹೊತ್ತಿಗೆ ಬರುವ ಬೆಳಗಿನ ಮೂತ್ರವನ್ನೂ ಅದಕ್ಕೇ ಸೇರಿಸಿದರೆ ಮುಗಿಯಿತು. ಕ್ಯಾನಿನಲ್ಲಿ ಮೊದಲೇ ಆಸಿಡ್ ಹಾಕಿರಬಹುದು, ಹಾಗಾಗಿ ನೇರ ಅದಕ್ಕೆ ಹೋಗದೆ ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಿರಿ. ಮಧ್ಯೆ ಒಂದು ಸಲ ಮರೆತು ಟಾಯ್ಲೆಟ್ಟಿಗೆ ಹೋಗಿಬಿಟ್ಟರೆ ಮುಚ್ಚಿಡಬೇಡಿ, ಇನ್ನೊಂದು ದಿನ ಹೊಸದಾಗಿ ಶುರು ಮಾಡಿ. ಪೂರ್ತಿ ಸಂಗ್ರಹವಾಗಿದೆಯಾ ಅಂತ ಲ್ಯಾಬಿನವರು ಅದರಲ್ಲಿರುವ ಕ್ರಿಯಾಟಿನಿನ್ ನೋಡಿ ಅಂದಾಜು ಮಾಡುತ್ತಾರೆ. ಒಂದು ದಿನದ ಲೆಕ್ಕ ಏರುಪೇರಾಗಬಹುದು ಅಂತ ಎರಡು ಸಲ ಮಾಡಿಸುವುದು ರೂಢಿ. ಎರಡೂ ಸಲ ಲೇಟಾಗಿ ಎದ್ದು ದಿನವಿಡೀ ಮನೆಯಲ್ಲೇ ಇರುವ ರಜಾದಿನ ಆರಿಸುವುದಕ್ಕಿಂತ ಒಂದು ಕೆಲಸದ ದಿನ, ಒಂದು ರಜಾದಿನ ಆರಿಸಿಕೊಳ್ಳುವುದು ಒಳ್ಳೆಯದು, ಎರಡರಲ್ಲೂ ಕುಡಿಯುವ ನೀರಿನ ಲೆಕ್ಕ ಬೇರೆ ಇರುತ್ತದೆ ಅಲ್ವಾ?

ರಿಪೋರ್ಟ್ ಬಂದಾಗ ಮೊದಲು ನೋಡಬೇಕಾದ್ದು ಒಟ್ಟು ಮೂತ್ರ ಎಷ್ಟು ಅನ್ನುವುದು. ಕಲ್ಲಾದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರಬೇಕು ಅನ್ನುವುದು ಗುರಿ. ಕುಡಿಯುವ ನೀರಿನ ಅಳತೆ ಅಲ್ಲ ಇದು, ಬರುವ ಮೂತ್ರದ ಅಳತೆ. ಬೆವರು ಸುರಿಸುವವರು ಅದಕ್ಕೆ ಮೂರು, ನಾಲ್ಕು ಲೀಟರ್ ಕುಡಿಯಬೇಕಾಗಬಹುದು. ಹೃದಯ ಅಥವಾ ಕಿಡ್ನಿ ದುರ್ಬಲ ಇರುವವರು ಮಾತ್ರ ಡಾಕ್ಟರು ಹೇಳಿದ ಮಿತಿ ಮೀರಬಾರದು. ಇಟಲಿಯಲ್ಲಿ ಮೊದಲ ಸಲ ಕಲ್ಲಾದವರನ್ನು 5 ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ಜಾಸ್ತಿ ಕುಡಿದವರಲ್ಲಿ ನೂರಕ್ಕೆ 12 ಜನರಿಗೆ, ಮಾಮೂಲಿಯಂತೆ ಇದ್ದವರಲ್ಲಿ ನೂರಕ್ಕೆ 27 ಜನರಿಗೆ ಕಲ್ಲು ಮತ್ತೆ ಬಂದಿತ್ತು. ನೀರಿನ ನಂತರ ಸೋಡಿಯಂ ನೋಡಿ, ಅದು ನೀವು ತಿಂದ ಉಪ್ಪಿನ ನೇರ ಲೆಕ್ಕ. ಸೋಡಿಯಂ ಮತ್ತು ಕ್ಯಾಲ್ಸಿಯಂ ಎರಡೂ ಜಾಸ್ತಿ ಇದ್ದರೆ ಉಪ್ಪು ಇಳಿಸುವುದರಿಂದಲೇ ಶುರು. ಉಪ್ಪು ಇಳಿಸಿದ ಮೇಲೂ ಕ್ಯಾಲ್ಸಿಯಂ ಇಳಿಯದಿದ್ದರೆ ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ತಗ್ಗಿಸುವ ಥಯಾಜೈಡ್ ಗುಂಪಿನ ಮಾತ್ರೆಯ ಮಾತು ಬರುತ್ತದೆ. ಸಿಟ್ರೇಟ್ ಕಡಿಮೆ ಇದ್ದರೆ ಪೊಟ್ಯಾಸಿಯಂ ಸಿಟ್ರೇಟ್, ಜೊತೆಗೆ ಹಣ್ಣು ತರಕಾರಿ ಜಾಸ್ತಿ. ಆಕ್ಸಲೇಟ್ ಜಾಸ್ತಿ ಇದ್ದರೆ ಊಟದ ಜೊತೆ ಕ್ಯಾಲ್ಸಿಯಂ ಸರಿಯಾಗಿ ಹೋಗುತ್ತಿದೆಯಾ ಅಂತ ಮೊದಲು ನೋಡುತ್ತಾರೆ, ಆಮೇಲೆ ಕರುಳಿನ ಕಡೆ ಗಮನ. ಬದಲಾವಣೆ ಮಾಡಿಕೊಂಡು ಒಂದೆರಡು ತಿಂಗಳಾದ ಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಹಳೆಯ ರಿಪೋರ್ಟಿನ ಪಕ್ಕದಲ್ಲಿಟ್ಟು ಡಾಕ್ಟರಿಗೆ ತೋರಿಸಿ. ಯಾವ ಅಂಕಿ ಇಳಿದಿದೆ, ಯಾವುದು ಹಾಗೇ ಇದೆ ಅಂತ ನೋಡಿ ಅವರು ಔಷಧಿಯನ್ನು ಮುಂದುವರಿಸುತ್ತಾರೆ ಅಥವಾ ಬದಲಿಸುತ್ತಾರೆ.